ವಿದೇಶದಲ್ಲಿ ಎಂಬಿಬಿಎಸ್ ಓದಿದವರು ಪ್ಲಾಸ್ಟಿಕ್ ಸರ್ಜನ್ ಆಗಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ನೀಟ್ ಫಲಿತಾಂಶ ಬಂದ ವಾರದಲ್ಲೇ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಒಂದು ಆಸೆ ಹುಟ್ಟಿಸುವಂಥದ್ದು: "ಕಡಿಮೆ ಖರ್ಚಿನಲ್ಲಿ ವಿದೇಶದಲ್ಲಿ ಎಂಡಿ ಪದವಿ, ಆರೇ ವರ್ಷದಲ್ಲಿ ಸರ್ಜನ್ ಆಗಿ ವಾಪಸ್ ಬನ್ನಿ." ಇನ್ನೊಂದು ಹೆದರಿಸುವಂಥದ್ದು: "ಹೊರಗೆ ಓದಿದವರಿಗೆ ಇಲ್ಲಿ ಸರ್ಜನ್ ಆಗಲು ಅವಕಾಶವೇ ಇಲ್ಲ, ದುಡ್ಡು ನೀರಿಗೆ ಹಾಕಿದಂತೆ." ಮೊದಲನೆಯದನ್ನು ನಂಬಿ ಹೊಲ ಅಡವಿಟ್ಟ ಮನೆಗಳಿವೆ. ಎರಡನೆಯದನ್ನು ನಂಬಿ ಓದು ಮುಗಿಸಿ ಬಂದ ಮಕ್ಕಳನ್ನು ಹೀಯಾಳಿಸಿದ ನೆಂಟರೂ ಇದ್ದಾರೆ.

ಎರಡೂ ಸರಿಯಲ್ಲ. ವಿದೇಶದಲ್ಲಿ ವೈದ್ಯಕೀಯ ಓದಿದ ಭಾರತೀಯರು ಪ್ಲಾಸ್ಟಿಕ್ ಸರ್ಜನ್ ಆಗಬಹುದು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ವಿದೇಶದ ಪದವಿ ಮೊದಲ ಮೆಟ್ಟಿಲು ಮಾತ್ರ. ಅದರ ಮೇಲೆ ಇನ್ನೂ ಎಂಟರಿಂದ ಒಂಬತ್ತು ವರ್ಷದ ಹಾದಿಯಿದೆ, ಮೂರು ಪ್ರವೇಶ ಅಥವಾ ಅರ್ಹತಾ ಪರೀಕ್ಷೆಗಳಿವೆ, ಅಡ್ಡದಾರಿ ಯಾವುದೂ ಇಲ್ಲ. ಈ ಹಾದಿಯನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ಇಲ್ಲಿ 'ಪ್ಲಾಸ್ಟಿಕ್' ಎಂದರೆ ಏನು?

ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೈಗೆ ಪ್ಲಾಸ್ಟಿಕ್ ತುಂಬುತ್ತಾರೆ ಎಂದು ಇಂದಿಗೂ ನಂಬಿರುವವರಿದ್ದಾರೆ. ಈ ಪದ ಬಂದಿರುವುದು 'ಪ್ಲಾಸ್ಟಿಕೋಸ್' ಎಂಬ ಗ್ರೀಕ್ ಪದದಿಂದ. ಅದರ ಅರ್ಥ ಆಕಾರ ಕೊಡುವುದು, ರೂಪಿಸುವುದು. ಜರ್ಮನಿಯ ವೈದ್ಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರಾಫೆ ಮೂಗಿನ ಶಸ್ತ್ರಚಿಕಿತ್ಸೆ ಕುರಿತ ತನ್ನ ಪುಸ್ತಕಕ್ಕೆ 'ರೈನೋಪ್ಲಾಸ್ಟಿಕ್' ಎಂದು ಹೆಸರಿಟ್ಟಿದ್ದು 1818ರಲ್ಲಿ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಆದ ಬೇಕಲೈಟ್ ಬಂದಿದ್ದು 1907ರಲ್ಲಿ. ಅಂದರೆ ಹೆಸರು ಮೊದಲು ಬಂತು, ವಸ್ತು ಆಮೇಲೆ.

ಇನ್ನೊಂದು ತಪ್ಪು ಕಲ್ಪನೆ, ಇದು ಸಿನಿಮಾದವರ ಅಂದ ಹೆಚ್ಚಿಸುವ ಕೆಲಸ ಎಂಬುದು. ಸೌಂದರ್ಯ ಚಿಕಿತ್ಸೆ ಈ ವಿಭಾಗದ ಒಂದು ಭಾಗ ಮಾತ್ರ. ಸ್ಟೌ ಸಿಡಿದು ಸುಟ್ಟವರಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡುವುದು, ಸೀಳುತುಟಿಯ ಮಗುವಿನ ತುಟಿ ಸೇರಿಸುವುದು, ಕಬ್ಬಿನ ಗಾಣಕ್ಕೋ ಕಾರ್ಖಾನೆಯ ಯಂತ್ರಕ್ಕೋ ಸಿಕ್ಕಿ ತುಂಡಾದ ಬೆರಳನ್ನು ಮರಳಿ ಜೋಡಿಸುವುದು, ಕ್ಯಾನ್ಸರ್‌ನಿಂದ ಸ್ತನ ತೆಗೆದ ಮೇಲೆ ಅದನ್ನು ಮತ್ತೆ ರೂಪಿಸುವುದು, ಬೈಕ್ ಅಪಘಾತದಲ್ಲಿ ಮುರಿದ ಮುಖದ ಮೂಳೆ ಕೂಡಿಸುವುದು, ಎಲ್ಲವೂ ಇವರ ಕೆಲಸವೇ. ಬೆರಳು ಜೋಡಿಸುವಾಗ ಒಂದು ಮಿಲಿಮೀಟರ್ ಆಸುಪಾಸಿನ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ತರಬೇತಿ ಅಷ್ಟು ದೀರ್ಘವಾಗಿರುವುದು ಇದಕ್ಕೇ. ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯನ್ನು 1954ರಲ್ಲಿ ಅಮೆರಿಕದಲ್ಲಿ ಮಾಡಿದ ಜೋಸೆಫ್ ಮರ್ರೆ ಕೂಡ ಪ್ಲಾಸ್ಟಿಕ್ ಸರ್ಜನ್. ಅವರಿಗೆ 1990ರಲ್ಲಿ ನೊಬೆಲ್ ಬಂತು.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನೆಲದ ನಂಟೂ ಇದೆ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಗಾಡಿ ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯಲ್ಲಿ ದೇಸಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಸುಶ್ರುತ ಸಂಹಿತೆಯ ಕಾಲದಿಂದ ಬಂದ ಮೂಗು ಕಟ್ಟುವ ವಿದ್ಯೆ ಭಾರತದಲ್ಲಿ ಇನ್ನೂ ಉಳಿದಿತ್ತು ಎಂಬುದಕ್ಕೆ ಇದೇ ಸಾಕ್ಷಿ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರ ಸಮೇತ ಪ್ರಕಟಿಸಿತು. ಅದನ್ನು ಓದಿ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ನೂರು ವರ್ಷದ ನಂತರ, ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಕೊಟ್ಟು ಆಧುನಿಕ ಪ್ಲಾಸ್ಟಿಕ್ ಸರ್ಜರಿಗೆ ಬುನಾದಿ ಹಾಕಿದ ಹೆರಾಲ್ಡ್ ಗಿಲೀಸ್ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ವೈದ್ಯಕೀಯ ಓದಿದ್ದು ಇಂಗ್ಲೆಂಡಿನಲ್ಲಿ. ಹೊರದೇಶಕ್ಕೆ ಹೋಗಿ ಓದುವುದು ಈ ಕ್ಷೇತ್ರಕ್ಕೆ ಹೊಸದೇನಲ್ಲ.

ಹಾದಿ ಹೇಗಿದೆ? ಐದು ಹಂತಗಳು

1. ಹೊರಡುವ ಮೊದಲೇ ನೀಟ್. ವಿದೇಶದಲ್ಲಿ ಓದಿ ಭಾರತದಲ್ಲಿ ವೃತ್ತಿ ಮಾಡಬೇಕೆಂದಿರುವವರು ನೀಟ್-ಯುಜಿ ಅರ್ಹತೆ ಪಡೆದಿರಲೇಬೇಕು ಎಂಬ ನಿಯಮ 2018ರಿಂದ ಇದೆ. ನೀಟ್ ಇಲ್ಲದೆಯೂ ಕೆಲವು ವಿದೇಶಿ ವಿಶ್ವವಿದ್ಯಾಲಯಗಳು ಸೀಟು ಕೊಡುತ್ತವೆ. ಆದರೆ ಆರು ವರ್ಷ ಓದಿ ಬಂದ ಮೇಲೆ ಇಲ್ಲಿ ನೋಂದಣಿಗೆ ಬಾಗಿಲು ಮುಚ್ಚಿರುತ್ತದೆ.

2. ನಿಯಮಕ್ಕೆ ಹೊಂದುವ ಕೋರ್ಸ್. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್ 18ರಂದು ಹೊರಡಿಸಿದ ನಿಯಮಗಳ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು. ಅದರ ಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು. ಆ ಪದವಿಯಿಂದ ಆ ದೇಶದಲ್ಲಿ ಅಲ್ಲಿನ ಪ್ರಜೆಗಳಂತೆಯೇ ವೈದ್ಯವೃತ್ತಿ ಮಾಡುವ ಪರವಾನಗಿ ಪಡೆಯಲು ಅರ್ಹತೆ ಇರಬೇಕು. ಸೇರಿದ 10 ವರ್ಷದೊಳಗೆ ಓದು ಮುಗಿಯಬೇಕು.

3. ಎಫ್‌ಎಂಜಿಇ, ನಂತರ ಇಲ್ಲಿ ಇಂಟರ್ನ್‌ಶಿಪ್. ವಿದೇಶದಲ್ಲಿ ಓದಿದವರಿಗೆ ಇರುವ ಅರ್ಹತಾ ಪರೀಕ್ಷೆಯೇ ಎಫ್‌ಎಂಜಿಇ. ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. 300 ಪ್ರಶ್ನೆಗಳಲ್ಲಿ 150 ಸರಿಯಾದರೆ ಪಾಸ್, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಾಸಾದವರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಪಡೆದು, ಇಲ್ಲಿನ ಆಸ್ಪತ್ರೆಯಲ್ಲಿ ಇನ್ನೂ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಅದಾದ ಮೇಲೆಯೇ ಕಾಯಂ ನೋಂದಣಿ. ಅಲ್ಲಿಗೆ ಅವರು ಭಾರತದಲ್ಲಿ ಎಂಬಿಬಿಎಸ್ ಓದಿದವರಿಗೆ ಸಮಾನ. ಮುಂದೆ 'ನೆಕ್ಸ್ಟ್' ಎಂಬ ಒಂದೇ ಪರೀಕ್ಷೆ ತರಬೇಕೆಂದು 2019ರ ಕಾಯ್ದೆ ಹೇಳಿದೆ. ಅದು ಜಾರಿಗೆ ಬರುವವರೆಗೆ ಎಫ್‌ಎಂಜಿಇ ಮುಂದುವರಿಯುತ್ತದೆ.

4. ನೀಟ್-ಪಿಜಿ ಬರೆದು ಎಂಎಸ್ ಜನರಲ್ ಸರ್ಜರಿ. ಇದು ಮೂರು ವರ್ಷ. ಇದಕ್ಕೆ ಸಮಾನವಾದ ಡಿಎನ್‌ಬಿ ಜನರಲ್ ಸರ್ಜರಿಯೂ ಆಗುತ್ತದೆ. ಅಪೆಂಡಿಕ್ಸ್, ಹರ್ನಿಯಾ, ಹೊಟ್ಟೆಯ ತುರ್ತು ಶಸ್ತ್ರಚಿಕಿತ್ಸೆ, ಅಪಘಾತ, ಇವುಗಳಲ್ಲಿ ಕೈ ಪಳಗುವುದು ಇಲ್ಲೇ.

5. ನೀಟ್-ಎಸ್‌ಎಸ್ ಬರೆದು ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ. ಇದೂ ಮೂರು ವರ್ಷ. ಸಮಾನವಾದ ಡಿಆರ್‌ಎನ್‌ಬಿ ಕೋರ್ಸ್ ಕೂಡ ಇದೆ. ಎಂಬಿಬಿಎಸ್ ಮುಗಿಸಿ ನೀಟ್-ಪಿಜಿ ಮೂಲಕ ನೇರವಾಗಿ ಸೇರುವ ಆರು ವರ್ಷದ ಡಿಆರ್‌ಎನ್‌ಬಿ ಪ್ಲಾಸ್ಟಿಕ್ ಸರ್ಜರಿಯೂ ಉಂಟು, ಆದರೆ ಸೀಟು ಬಹಳ ಕಡಿಮೆ. ಅದನ್ನೂ ಅಡ್ಡದಾರಿ ಎನ್ನಲಾಗದು. ಮೂರು ಮತ್ತು ಮೂರು ಕೂಡಿಸಿದರೂ ಆರೇ.

ಈಗ ವಯಸ್ಸಿನ ಲೆಕ್ಕ ಹಾಕೋಣ. 18ಕ್ಕೆ ವಿಮಾನ ಹತ್ತಿದ ವಿದ್ಯಾರ್ಥಿ 24ಕ್ಕೆ ವಾಪಸ್. ಮೊದಲ ಪ್ರಯತ್ನದಲ್ಲೇ ಎಫ್‌ಎಂಜಿಇ ಪಾಸಾಗಿ ಇಂಟರ್ನ್‌ಶಿಪ್ ಮುಗಿಯುವಾಗ 26. ತಕ್ಷಣ ಸರ್ಜರಿ ಸೀಟು ಸಿಕ್ಕರೆ ಎಂಎಸ್ ಮುಗಿಯುವಾಗ 29 ಅಥವಾ 30. ಎಂ.ಸಿಎಚ್. ಮುಗಿಯುವಾಗ 33. ಇದು ಎಲ್ಲಿಯೂ ಎಡವದೆ ನಡೆದವರ ಲೆಕ್ಕ. ಇಲ್ಲೇ ಎಂಬಿಬಿಎಸ್ ಓದಿದವರಿಗೆ ಇಂಟರ್ನ್‌ಶಿಪ್ ಒಂದೇ ಬಾರಿ, ಎಫ್‌ಎಂಜಿಇ ಇಲ್ಲ. ಹಾಗಾಗಿ ಅವರು ಇದೇ ಜಾಗಕ್ಕೆ ಎರಡು ಮೂರು ವರ್ಷ ಮೊದಲೇ ತಲುಪಬಹುದು. ಮಗ ಅಥವಾ ಮಗಳು ಆರು ವರ್ಷಕ್ಕೆ ದುಡಿಯಲು ಶುರು ಮಾಡಿ ಸಾಲ ತೀರಿಸುತ್ತಾರೆ ಎಂದು ಲೆಕ್ಕ ಹಾಕಿರುವ ಮನೆಯವರು ಈ ಸಂಖ್ಯೆಗಳನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಹೆಚ್ಚು ಓಡಾಡುವ ಹೇಳಿಕೆಗಳು ಮತ್ತು ವಾಸ್ತವ

"ಅಲ್ಲಿ ಎಂಬಿಬಿಎಸ್ ಅಲ್ಲ, ನೇರವಾಗಿ ಎಂಡಿ ಕೊಡುತ್ತಾರೆ."
ಅರ್ಧ ಸತ್ಯ, ಹಾಗಾಗಿಯೇ ಅಪಾಯಕಾರಿ. ರಷ್ಯಾ, ಜಾರ್ಜಿಯಾದಂಥ ದೇಶಗಳಲ್ಲಿ ವೈದ್ಯಕೀಯದ ಮೊದಲ ಪದವಿಯ ಹೆಸರೇ 'ಎಂಡಿ'. ಭಾರತದಲ್ಲಿ ಎಂಡಿ ಎಂದರೆ ಎಂಬಿಬಿಎಸ್ ನಂತರದ ಮೂರು ವರ್ಷದ ಸ್ನಾತಕೋತ್ತರ ಪದವಿ. ಎರಡರ ಹೆಸರು ಒಂದೇ, ತೂಕ ಬೇರೆ. ವಿದೇಶದ ಆ ಎಂಡಿ ಇಲ್ಲಿ ಎಂಬಿಬಿಎಸ್‌ಗೆ ಸಮ. ಬೋರ್ಡಿನ ಮೇಲೆ ಎಂಡಿ ಎಂದು ಬರೆದುಕೊಂಡು ತಜ್ಞರೆನಿಸಿಕೊಳ್ಳುವ ಹಾಗಿಲ್ಲ.

"ಎಫ್‌ಎಂಜಿಇ ಬರೀ ಹೆಸರಿಗೆ, ಎಲ್ಲರೂ ಪಾಸಾಗುತ್ತಾರೆ."
ಸುಳ್ಳು. ಇತ್ತೀಚಿನ ವರ್ಷಗಳಲ್ಲಿ ಬರೆದ ನೂರು ಮಂದಿಯಲ್ಲಿ ಪಾಸಾದವರು ಹೆಚ್ಚುಕಡಿಮೆ 10ರಿಂದ 30. 2024ರ ಜೂನ್ ಪರೀಕ್ಷೆಯಲ್ಲಿ ಇದು ಸುಮಾರು 21. ಈ ಸಂಖ್ಯೆಯಲ್ಲಿ ಮತ್ತೆ ಮತ್ತೆ ಬರೆಯುವವರೂ ಸೇರಿದ್ದಾರೆ ಎಂಬುದನ್ನು ಗಮನಿಸಬೇಕು. ಹಾಗೆಂದು ವಿದೇಶದಲ್ಲಿ ಓದಿದವರೆಲ್ಲ ದಡ್ಡರು ಎಂಬ ತೀರ್ಮಾನವೂ ತಪ್ಪು. ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ಮಾತಾಡುವುದು ರಷ್ಯನ್ ಅಥವಾ ಬೇರೆ ಸ್ಥಳೀಯ ಭಾಷೆ. ಭಾಷೆ ಬಾರದವರಿಗೆ ರೋಗಿಯ ಹಾಸಿಗೆಯ ಪಕ್ಕದ ಕಲಿಕೆ ತೆಳುವಾಗುತ್ತದೆ. ಮೊದಲ ವರ್ಷದಿಂದಲೇ ಭಾಷೆ ಕಲಿತು, ಭಾರತದ ಪಠ್ಯವನ್ನೂ ಜೊತೆಯಲ್ಲೇ ಓದಿಕೊಂಡವರಿಗೆ ಈ ಪರೀಕ್ಷೆ ಅಷ್ಟು ಕಷ್ಟವಾಗದು.

"ವಿದೇಶದಲ್ಲಿ ಓದಿದವರಿಗೆ ಪಿಜಿ ಸೀಟು ಕೊಡುವುದಿಲ್ಲ."
ಸುಳ್ಳು. ಕಾಯಂ ನೋಂದಣಿ ಸಿಕ್ಕ ಮೇಲೆ ನೀಟ್-ಪಿಜಿ ಎಲ್ಲರಿಗೂ ಒಂದೇ. ಎಲ್ಲಿ ಓದಿದಿರಿ ಎಂಬುದಕ್ಕೆ ಅಲ್ಲಿ ಅಂಕವಿಲ್ಲ, ರ‍್ಯಾಂಕ್ ಒಂದೇ ಮಾತಾಡುತ್ತದೆ. ಆದರೆ ಸರ್ಜರಿ ಸೀಟಿಗೆ ಪೈಪೋಟಿ ಇದ್ದೇ ಇದೆ.

"ಅಲ್ಲೇ ಪ್ಲಾಸ್ಟಿಕ್ ಸರ್ಜರಿ ಪಿಜಿ ಮುಗಿಸಿ ಬಂದರೆ ಇಲ್ಲಿನ ಪರೀಕ್ಷೆಗಳ ತಂಟೆಯೇ ಇಲ್ಲ."
ಯಾವ ದೇಶ ಎಂಬುದರ ಮೇಲೆ ನಿಂತಿದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಈ ಐದು ದೇಶಗಳಲ್ಲಿ ಪಡೆದ, ಆ ದೇಶದಲ್ಲೇ ತಜ್ಞರಾಗಿ ನೋಂದಾಯಿಸಿಕೊಳ್ಳಲು ಮಾನ್ಯವಾದ ಸ್ನಾತಕೋತ್ತರ ಅರ್ಹತೆಯನ್ನು ಭಾರತ 2008ರಿಂದ ಒಪ್ಪುತ್ತದೆ. ರಷ್ಯಾ, ಚೀನಾ, ಜಾರ್ಜಿಯಾ, ಕಿರ್ಗಿಸ್ತಾನ ಈ ಪಟ್ಟಿಯಲ್ಲಿಲ್ಲ. ಅಲ್ಲಿ ಪ್ಲಾಸ್ಟಿಕ್ ಸರ್ಜರಿ ಕಲಿತು ಬಂದರೂ ಇಲ್ಲಿ ಆ ಪದವಿಯ ಬಲದಿಂದ ತಜ್ಞರಾಗಿ ನೋಂದಣಿಯಾಗದು.

ಆ ಐದು ದೇಶಗಳ ಹಾದಿಯೂ ಸುಲಭದ್ದಲ್ಲ. ಅಮೆರಿಕದಲ್ಲಿ ಮೊದಲು ಯುಎಸ್‌ಎಂಎಲ್‌ಇ ಪರೀಕ್ಷೆಗಳು, ಆಮೇಲೆ ಆರು ವರ್ಷದ ಪ್ಲಾಸ್ಟಿಕ್ ಸರ್ಜರಿ ರೆಸಿಡೆನ್ಸಿ ಅಥವಾ ಜನರಲ್ ಸರ್ಜರಿ ಮುಗಿಸಿ ಮತ್ತೆ ಮೂರು ವರ್ಷ. ಅಲ್ಲಿ ಅತಿ ಹೆಚ್ಚು ಪೈಪೋಟಿಯಿರುವ ವಿಭಾಗಗಳಲ್ಲಿ ಇದೂ ಒಂದು. ಬ್ರಿಟನ್ನಿನಲ್ಲಿ ಎರಡು ವರ್ಷದ ಮೂಲ ಸರ್ಜರಿ ತರಬೇತಿಯ ನಂತರ ಸುಮಾರು ಆರು ವರ್ಷದ ವಿಶೇಷ ತರಬೇತಿ. ಯಾವ ದಿಕ್ಕಿನಿಂದ ಹೋದರೂ ವರ್ಷಗಳು ಹೆಚ್ಚುಕಡಿಮೆ ಅಷ್ಟೇ.

"ಆರು ತಿಂಗಳ ಫೆಲೋಶಿಪ್ ಮಾಡಿದರೆ ಕಾಸ್ಮೆಟಿಕ್ ಸರ್ಜನ್ ಆಗಬಹುದು."
ಇದು ಓದುವವರಿಗೂ ರೋಗಿಗೂ ಅತಿ ಹೆಚ್ಚು ಹಾನಿ ಮಾಡುವ ಹೇಳಿಕೆ. ಎಫ್‌ಎಂಜಿಇ ಮುಗಿಸಿ ಪಿಜಿ ಸೀಟು ಸಿಗದೆ ಬೇಸತ್ತವರನ್ನೇ ಗುರಿಯಾಗಿಸಿ ವಾರದ, ತಿಂಗಳ, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್‌ಗಳ ಜಾಹೀರಾತು ಬರುತ್ತವೆ. ಎಂಎಸ್, ಎಂ.ಸಿಎಚ್. ಆದ ಸರ್ಜನ್ ಒಂದು ನಿರ್ದಿಷ್ಟ ಕೆಲಸದಲ್ಲಿ ಪಳಗಲು ಫೆಲೋಶಿಪ್ ಮಾಡುವುದು ಬೇರೆ, ಎಂಬಿಬಿಎಸ್ ಮೇಲೆ ನೇರವಾಗಿ ಅದನ್ನೇ ಅಂಟಿಸಿಕೊಂಡು ಸರ್ಜನ್ ಎನಿಸಿಕೊಳ್ಳುವುದು ಬೇರೆ. ಕೂದಲು ಕಸಿಯಂಥ ಕೆಲಸವನ್ನೂ ಕಾರ್ಯಾಗಾರಕ್ಕೆ ಹೋಗಿಯೋ ಯೂಟ್ಯೂಬ್ ನೋಡಿಯೋ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು.

ಹಾಗಾದರೆ ಹೋಗಬಾರದೇ?

ಹಾಗೆ ನಾವು ಹೇಳುತ್ತಿಲ್ಲ. 2024ರಲ್ಲಿ ನೀಟ್-ಯುಜಿ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ, ಅದರಲ್ಲೂ ದೊಡ್ಡ ಪಾಲು ಖಾಸಗಿ ಕಾಲೇಜುಗಳದ್ದು. ಸರ್ಕಾರಿ ಸೀಟು ಕೂದಲೆಳೆಯಲ್ಲಿ ತಪ್ಪಿದವರಿಗೆ, ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಕಟ್ಟಲಾಗದವರಿಗೆ ವಿದೇಶ ಒಂದು ನಿಜವಾದ ದಾರಿ. ಆದರೆ ಮುಂಗಡ ಕಟ್ಟುವ ಮುನ್ನ ಏಜೆಂಟರನ್ನು ಕೆಲವು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

- ಇಂಟರ್ನ್‌ಶಿಪ್ ಬಿಟ್ಟು ಕೋರ್ಸ್ ಎಷ್ಟು ತಿಂಗಳು? 54ಕ್ಕಿಂತ ಕಡಿಮೆಯೇ?
- 12 ತಿಂಗಳ ಇಂಟರ್ನ್‌ಶಿಪ್ ಅದೇ ವಿಶ್ವವಿದ್ಯಾಲಯದಲ್ಲೇ ಆಗುತ್ತದೆಯೇ?
- ಈ ಪದವಿ ಪಡೆದ ಭಾರತೀಯರಿಗೆ ಆ ದೇಶದಲ್ಲೇ ವೈದ್ಯವೃತ್ತಿಯ ಪರವಾನಗಿ ಸಿಗುತ್ತದೆಯೇ?
- ಕ್ಲಿನಿಕಲ್ ವರ್ಷಗಳಲ್ಲೂ ಪಾಠ ಇಂಗ್ಲಿಷಿನಲ್ಲೇ ಇರುತ್ತದೆಯೇ?
- ಈ ಕಾಲೇಜಿನಿಂದ ಎಫ್‌ಎಂಜಿಇ ಬರೆದವರೆಷ್ಟು, ಪಾಸಾದವರೆಷ್ಟು?

ಕೊನೆಯ ಪ್ರಶ್ನೆಗೆ ಏಜೆಂಟರ ಬಾಯಿಮಾತು ನಂಬಬೇಕಿಲ್ಲ. ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕಾಲೇಜುವಾರು ಅಂಕಿಅಂಶಗಳನ್ನು ಪ್ರಕಟಿಸಿದೆ. "ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು" ಎಂಬ ಜಾಹೀರಾತಿಗೂ ಮರುಳಾಗಬೇಡಿ. ಆಯೋಗ ಹೇಳುವುದು ಕೋರ್ಸ್ ಹೇಗಿರಬೇಕು ಎಂಬುದನ್ನು. ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದ್ದು.

ಇನ್ನೊಂದು ಮಾತು. ಕೋವಿಡ್ ಬಂದಾಗ ಚೀನಾದಿಂದ, 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನಿನಿಂದ ಸಾವಿರಾರು ವಿದ್ಯಾರ್ಥಿಗಳು ಓದು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಅವರಲ್ಲಿ ಕನ್ನಡದ ಮಕ್ಕಳೂ ಬಹಳ ಮಂದಿ. ಆನ್‌ಲೈನಿನಲ್ಲಿ ಪಾಠ ಕೇಳಿದ ಅವಧಿಗೆ ಪರಿಹಾರವಾಗಿ ಅನೇಕರು ಇಲ್ಲಿ ಹೆಚ್ಚುವರಿ ಇಂಟರ್ನ್‌ಶಿಪ್ ಮಾಡಬೇಕಾಗಿ ಬಂತು. ದೇಶ ಆರಿಸುವಾಗ ಶುಲ್ಕದ ಜೊತೆಗೆ ಇದನ್ನೂ ತೂಗಿ ನೋಡಬೇಕು.

ನೀವು ರೋಗಿಯಾಗಿದ್ದರೆ ಏನು ನೋಡಬೇಕು?

ವೈದ್ಯರು ಎಂಬಿಬಿಎಸ್ ಎಲ್ಲಿ ಓದಿದರು ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಬೇಕಿಲ್ಲ. ಹೊರದೇಶದಲ್ಲಿ ಓದಿ, ಮೇಲಿನ ಐದೂ ಹಂತ ದಾಟಿ ಬಂದ ಸರ್ಜನ್, ಬೆಂಗಳೂರಲ್ಲೇ ಓದಿದ ಸರ್ಜನ್‌ಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಕೇಳಬೇಕಾದ್ದು ಇದು: ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್., ಡಿಎನ್‌ಬಿ ಅಥವಾ ಡಿಆರ್‌ಎನ್‌ಬಿ ಇದೆಯೇ?

'ಕಾಸ್ಮೆಟಿಕ್ ಸರ್ಜನ್', 'ಏಸ್ತೆಟಿಕ್ ಎಕ್ಸ್‌ಪರ್ಟ್' ಎಂಬ ಬಿರುದುಗಳು ಪದವಿಗಳಲ್ಲ. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದ ವೈದ್ಯರ ಪಟ್ಟಿಯಲ್ಲಿ ಪರಿಶೀಲಿಸಬಹುದು. ಆಸ್ಪತ್ರೆ ಅಥವಾ ಕ್ಲಿನಿಕ್ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ಅರಿವಳಿಕೆ ಕೊಡುವವರು ಯಾರು, ತುರ್ತಾದರೆ ಐಸಿಯು ಇದೆಯೇ ಎಂದು ಕೇಳಲು ಸಂಕೋಚ ಬೇಡ. ಕೊಬ್ಬು ತೆಗೆಯುವ ಚಿಕಿತ್ಸೆಯನ್ನು "ಮಧ್ಯಾಹ್ನ ಮಾಡಿ ಸಂಜೆ ಮನೆಗೆ" ಎಂದು ಮಾರುತ್ತಾರೆ. ಆದರೆ ಕೊಬ್ಬಿನ ಕಣ ರಕ್ತ ಸೇರಿ ಶ್ವಾಸಕೋಶಕ್ಕೆ ಹೋದರೆ, ಅಥವಾ ದೇಹದ ದ್ರವದ ಪ್ರಮಾಣ ಏರುಪೇರಾದರೆ, ಅದು ಜೀವಕ್ಕೇ ಅಪಾಯ.

ಕೊನೆಗೆ, ಎಲ್ಲರಿಗೂ ಉಪಯೋಗವಾಗುವ ಒಂದು ವಿಷಯ. ಬೆರಳು ತುಂಡಾದಾಗ ಅದನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹಾಕಿ ಎನ್ನುವ ಫಾರ್ವರ್ಡ್ ತಪ್ಪು. ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಇರುವ ಇನ್ನೊಂದು ಚೀಲದಲ್ಲೋ ಪಾತ್ರೆಯಲ್ಲೋ ಇಡಿ. ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದು, ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಆದಷ್ಟು ಬೇಗ ತಲುಪಿ.

ನಮ್ಮ ತೀರ್ಮಾನ

"ವಿದೇಶದಲ್ಲಿ ಓದಿದರೆ ಆರೇ ವರ್ಷದಲ್ಲಿ ಪ್ಲಾಸ್ಟಿಕ್ ಸರ್ಜನ್" ಎಂಬುದು ಸುಳ್ಳು. "ವಿದೇಶದಲ್ಲಿ ಓದಿದವರು ಎಂದೂ ಪ್ಲಾಸ್ಟಿಕ್ ಸರ್ಜನ್ ಆಗಲಾರರು" ಎಂಬುದೂ ಸುಳ್ಳು. ಸುಮಾರು 15 ವರ್ಷದ ಓದು, ನೀಟ್-ಯುಜಿ, ಎಫ್‌ಎಂಜಿಇ, ನೀಟ್-ಪಿಜಿ, ನೀಟ್-ಎಸ್‌ಎಸ್ ಎಂಬ ನಾಲ್ಕು ಪರೀಕ್ಷೆ, ಎರಡು ದೇಶಗಳಲ್ಲಿ ಎರಡು ಇಂಟರ್ನ್‌ಶಿಪ್, ಇಷ್ಟು ಗೊತ್ತಿದ್ದು ಹೊರಟವರಿಗೆ ದಾರಿ ತೆರೆದೇ ಇದೆ. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹಣ ಕಟ್ಟುವ ಮುನ್ನ ಆಯೋಗದ ಜಾಲತಾಣದಲ್ಲಿ ಇತ್ತೀಚಿನ ಪ್ರಕಟಣೆ ನೋಡಿಕೊಳ್ಳಿ. ನಿಮ್ಮ ಗ್ರೂಪಿನಲ್ಲಿ ಈ ಎರಡರಲ್ಲಿ ಯಾವ ಸಂದೇಶ ಬಂದರೂ ಮುಂದಕ್ಕೆ ಕಳಿಸುವ ಬದಲು, ಪಿಯುಸಿ ಓದುತ್ತಿರುವ ಮಕ್ಕಳಿರುವ ಮನೆಗೆ ಮೇಲಿನ ಐದು ಹಂತಗಳನ್ನು ಕಳಿಸಿ.